ಪುಸ್ತಕ ಬದಿಗಿಟ್ಟು ಹಾಡಿ ಕಲಿಸಿದ ಬ್ಯಾಗ್‌ಪೈಪ್ ಗುರು ಜಾನ್ ಮ್ಯಾಕ್‌ಡೊನಾಲ್ಡ್

ಸ್ಕಾಟ್‌ಲೆಂಡಿನ ಬೆಟ್ಟಸೀಮೆಯಲ್ಲಿ ಬ್ಯಾಗ್‌ಪೈಪ್ ಕಲಿತವರನ್ನು ನಿಮ್ಮ ಗುರು ಯಾರು ಎಂದು ಕೇಳಿದರೆ ಅವರು ಒಂದೇ ಹೆಸರಿಗೆ ನಿಲ್ಲಿಸುವುದಿಲ್ಲ. ಗುರುವಿನ ಗುರು, ಅವರ ಗುರು ಎಂದು ವಂಶಾವಳಿಯನ್ನೇ ಹೇಳುತ್ತಾರೆ. ಅಂಥ ಬಹಳಷ್ಟು ವಂಶಾವಳಿಗಳಲ್ಲಿ ಒಂದು ಹೆಸರು ಬಂದೇ ಬರುತ್ತದೆ. ಅದು ಇನ್ವರ್ನೆಸ್ ಪಟ್ಟಣದ ಜಾನ್ ಮ್ಯಾಕ್‌ಡೊನಾಲ್ಡ್ ಅವರದು.

1865ರಲ್ಲಿ ಹುಟ್ಟಿ 1953ರಲ್ಲಿ ತೀರಿಕೊಂಡ ಮ್ಯಾಕ್‌ಡೊನಾಲ್ಡ್ ತಮ್ಮ ಕಾಲದ ಅತಿ ದೊಡ್ಡ ವಾದಕರಲ್ಲಿ ಒಬ್ಬರು. ಆದರೆ ಜನ ಇಂದಿಗೂ ಅವರನ್ನು ನೆನೆಯುವುದು ಗೆದ್ದ ಪದಕಗಳಿಗಿಂತ ಹೆಚ್ಚಾಗಿ ಅವರು ಕಲಿಸಿದ ರೀತಿಗೆ, ಆ ರೀತಿಯ ಪರವಾಗಿ ಅವರು ಆಡಿದ ನಿಷ್ಠುರದ ಮಾತಿಗೆ. ದೊಡ್ಡ ಸಂಗೀತವನ್ನು ಅಚ್ಚಾದ ಪುಸ್ತಕ ನೋಡಿ ಕಲಿಯಲು ಬರುವುದಿಲ್ಲ, ಗುರು ಹಾಡಬೇಕು, ಶಿಷ್ಯ ಕೇಳಿ ಹಾಡಬೇಕು, ಆಮೇಲೆ ಬೆರಳು ಆಡಬೇಕು ಎಂಬುದು ಅವರ ಪಟ್ಟು. ತಮಗೆ ಕೆಲಸ ಕೊಟ್ಟ ದೊಡ್ಡವರ ಎದುರಿಗೂ ಅವರು ಈ ಪಟ್ಟು ಸಡಿಲಿಸಲಿಲ್ಲ.

ಒಂಬತ್ತೇ ಸ್ವರಗಳ ವಾದ್ಯ

ಜನವರಿ 29ರಂದು ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಸಮಾರಂಭವನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಬ್ಯಾಗ್‌ಪೈಪ್ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಸ್ಕಾಟ್ ಅಧಿಕಾರಿಗಳ ಮೂಲಕ ಬಂದ ಈ ವಾದ್ಯವನ್ನು ಭಾರತೀಯ ಸೇನೆಯ ಹಲವು ರೆಜಿಮೆಂಟುಗಳು ಇಂದಿಗೂ ನುಡಿಸುತ್ತವೆ. ಕಂಕುಳಲ್ಲಿ ಒಂದು ಚರ್ಮದ ಚೀಲ, ಭುಜದ ಮೇಲೆ ಮೂರು ಕೊಳವೆ, ಕೈಯಲ್ಲಿ ಒಂದು ಕೊಳಲಿನಂಥ ನಳಿಗೆ.

ಕೆಲಸ ಮಾಡುವ ಬಗೆ ಕಮ್ಮಾರನ ತಿದಿಯನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ. ವಾದಕ ಬಾಯಿಯಿಂದ ಊದಿ ಚೀಲ ತುಂಬಿಸುತ್ತಾನೆ. ಉಸಿರು ಎಳೆದುಕೊಳ್ಳುವಾಗ ತೋಳಿನಿಂದ ಚೀಲವನ್ನು ಒತ್ತುತ್ತಾನೆ. ಹೀಗಾಗಿ ನಾದ ಎಲ್ಲೂ ಕಡಿಯುವುದಿಲ್ಲ. ಭುಜದ ಮೇಲಿನ ಮೂರು ಕೊಳವೆಗಳು ಶ್ರುತಿಪೆಟ್ಟಿಗೆಯಂತೆ ಒಂದೇ ಸ್ವರವನ್ನು ಹಿಡಿದಿರುತ್ತವೆ. ಕೈಯಲ್ಲಿರುವ ನಳಿಗೆ ರಾಗವನ್ನು ನುಡಿಸುತ್ತದೆ. ಆಂಧ್ರದ ಕಡೆ ಮೇಕೆಯ ಚರ್ಮದಿಂದ ಮಾಡುತ್ತಿದ್ದ ತಿತ್ತಿ ಎಂಬ ಶ್ರುತಿವಾದ್ಯವೂ ಇದೇ ಜಾತಿಯದು.

ಈ ವಾದ್ಯಕ್ಕೆ ಇರುವುದು ಒಂಬತ್ತೇ ಸ್ವರ. ಜೋರಾಗಿ, ಮೆಲ್ಲಗೆ ಎಂಬ ಏರಿಳಿತ ಇದರಲ್ಲಿ ಸಾಧ್ಯವಿಲ್ಲ. ನಡುವೆ ನಿಲ್ಲಿಸಿ ಮೌನ ಕೊಡಲೂ ಆಗುವುದಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೂ ನಡುವೆ ಬೇರೊಂದು ಸ್ವರವನ್ನು ಚಿಟಿಕೆಯಷ್ಟು ಸೋಕಿಸಿ ಬೇರ್ಪಡಿಸಬೇಕು. ಹಾಗಾದರೆ ಭಾವ ಎಲ್ಲಿಂದ ಬರಬೇಕು? ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದರಿಂದಲೇ ಬರಬೇಕು. ಕೂದಲೆಳೆಯಷ್ಟು ಹೆಚ್ಚು ಹಿಡಿದರೆ ಶೋಕ, ಕಡಿಮೆ ಹಿಡಿದರೆ ಬರೀ ಸದ್ದು. ಮ್ಯಾಕ್‌ಡೊನಾಲ್ಡ್ ಜೀವನದ ಜಗಳವೆಲ್ಲ ಈ ಕೂದಲೆಳೆಯ ಸುತ್ತಲೇ ನಡೆಯಿತು.

ದೊಡ್ಡ ಸಂಗೀತ, ಚಿಕ್ಕ ಸಂಗೀತ

ಬೆಟ್ಟಸೀಮೆಯ ಗೇಲಿಕ್ ಭಾಷೆಯಲ್ಲಿ ಪೈಪ್ ಸಂಗೀತವನ್ನು ಎರಡಾಗಿ ವಿಂಗಡಿಸುತ್ತಾರೆ. ಸಿಪಾಯಿಗಳ ನಡಿಗೆಗೆ, ಮದುವೆಯ ಕುಣಿತಕ್ಕೆ ನುಡಿಸುವುದು ಕ್ಯೋಲ್ ಬೆಗ್, ಅಂದರೆ ಚಿಕ್ಕ ಸಂಗೀತ. ವೀರರ ಮರಣ, ಯುದ್ಧದ ಕರೆ, ನಾಯಕನ ಸ್ವಾಗತ ಇವುಗಳಿಗಾಗಿ ಕಟ್ಟಿದ ದೀರ್ಘ ರಚನೆಗಳು ಕ್ಯೋಲ್ ಮೋರ್, ಅಂದರೆ ದೊಡ್ಡ ಸಂಗೀತ. ಇದಕ್ಕೆ ಪಿಬ್ರಾಕ್ ಎಂಬ ಹೆಸರೂ ಇದೆ.

ಪಿಬ್ರಾಕ್ ರಚನೆ ಮೊದಲು ನಿಧಾನವಾದ ಮೂಲಧಾಟಿಯಿಂದ ಆರಂಭವಾಗುತ್ತದೆ. ಇದನ್ನು ಊರ್ಲಾರ್ ಎನ್ನುತ್ತಾರೆ. ನೆಲ ಎಂದು ಆ ಪದದ ಅರ್ಥ. ಆ ನೆಲದ ಮೇಲೆ ಒಂದರ ಮೇಲೊಂದು ಅಂತಸ್ತು ಕಟ್ಟಿದಂತೆ ಬದಲಾವಣೆಗಳು ಬರುತ್ತವೆ. ಬೆರಳ ಓಟ ಬಿಗಿಯಾಗುತ್ತಾ ಹೋಗಿ ತುದಿ ಮುಟ್ಟಿದ ಮೇಲೆ ವಾದಕ ಮತ್ತೆ ಮೊದಲಿನ ನೆಲಕ್ಕೇ ಇಳಿದು ಮುಗಿಸುತ್ತಾನೆ. ಒಂದೊಂದು ರಚನೆಗೆ ಹತ್ತು, ಹದಿನೈದು, ಕೆಲವಕ್ಕೆ ಇಪ್ಪತ್ತು ನಿಮಿಷವೂ ಬೇಕು.

ಸ್ಕೈ ದ್ವೀಪದ ಮ್ಯಾಕ್‌ಕ್ರಿಮನ್ ಮನೆತನ ಈ ಸಂಗೀತದ ತವರು ಎಂಬುದು ಪರಂಪರೆಯ ನಂಬಿಕೆ. ಮ್ಯಾಕ್‌ಲಿಯೋಡ್ ಕುಲದ ನಾಯಕರ ಆಶ್ರಯದಲ್ಲಿ ಅವರು ಉಂಬಳಿ ಭೂಮಿ ಪಡೆದು ತಲೆಮಾರುಗಟ್ಟಲೆ ಕಲಿಸಿದರು. ಆ ಮನೆತನದ ಪ್ಯಾಟ್ರಿಕ್ ಮೋರ್ ಒಂದೇ ವರ್ಷದಲ್ಲಿ ಎಂಟು ಗಂಡುಮಕ್ಕಳಲ್ಲಿ ಏಳು ಮಂದಿಯನ್ನು ಸಿಡುಬಿಗೆ ಕಳೆದುಕೊಂಡು ಮಕ್ಕಳ ಶೋಕಗೀತೆಯನ್ನು ಕಟ್ಟಿದ ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ.

1746ರಲ್ಲಿ ಕಲೋಡನ್ ಕದನದಲ್ಲಿ ಬೆಟ್ಟಸೀಮೆಯವರ ದಂಗೆ ಸೋತಿತು. ಕುಲನಾಯಕರು ಹಳೆಯ ಅಧಿಕಾರ ಕಳೆದುಕೊಂಡರು. ನಾಯಕರೇ ಬಡವಾದ ಮೇಲೆ ಉಂಬಳಿ ವಾದಕರ ಗತಿ ಏನಾಗಬೇಕು? ಕೆಲವರು ಸೈನ್ಯ ಸೇರಿದರು, ಕೆಲವರು ಹಡಗು ಹತ್ತಿ ಅಮೆರಿಕದ ಕಡೆ ಹೋದರು. ಕಲೆ ನಶಿಸಬಾರದೆಂದು ಲಂಡನ್ನಿನಲ್ಲಿದ್ದ ಹೈಲ್ಯಾಂಡ್ ಸೊಸೈಟಿ 1781ರಲ್ಲಿ ಫಾಲ್‌ಕರ್ಕ್ ಪಟ್ಟಣದಲ್ಲಿ ಸ್ಪರ್ಧೆ ಆರಂಭಿಸಿತು. ಅಂದಿನಿಂದ ಈ ಸಂಗೀತದ ಆಶ್ರಯ ಕುಲನಾಯಕನ ಹಜಾರದಿಂದ ಸ್ಪರ್ಧೆಯ ವೇದಿಕೆಗೆ ಬಂತು. ತೀರ್ಪುಗಾರರ ಮಾತಿಗೆ ಬೆಲೆ ಬಂದದ್ದೂ ಆಗಲೇ.

ಕ್ಯಾಟ್‌ಲಾಜ್‌ನ ಒಲೆಯ ಬಳಿ

ಜಾನ್ ಮ್ಯಾಕ್‌ಡೊನಾಲ್ಡ್ ಹುಟ್ಟಿದ್ದು ಸ್ಪೇ ನದಿಯ ಮೇಲ್ಗಣಿವೆಯ ಬ್ಯಾಡೆನಾಕ್ ಸೀಮೆಯ ಗ್ಲೆನ್‌ಟ್ರೂಯಿಮ್ ಎಂಬಲ್ಲಿ. ತಂದೆ ಅಲೆಕ್ಸಾಂಡರ್ ಸ್ವತಃ ಪೈಪ್ ವಾದಕರು. ಮೊದಲ ಪಾಠ ತಂದೆಯಿಂದಲೇ ಆಯಿತು.

ಆ ದಿನಗಳಲ್ಲಿ ಬ್ಯಾಡೆನಾಕ್ ಗೇಲಿಕ್ ಮಾತಾಡುವ ಸೀಮೆ. ಆದರೆ ಜಾನ್ ಏಳು ವರ್ಷದ ಹುಡುಗನಾಗಿದ್ದಾಗ, 1872ರಲ್ಲಿ, ಸ್ಕಾಟ್‌ಲೆಂಡಿಗೆ ಹೊಸ ಶಿಕ್ಷಣ ಕಾಯ್ದೆ ಬಂತು. ಮಕ್ಕಳೆಲ್ಲ ಶಾಲೆಗೆ ಹೋಗಬೇಕೆಂದ ಆ ಕಾಯ್ದೆಯಲ್ಲಿ ಗೇಲಿಕ್‌ಗೆ ಯಾವ ಜಾಗವೂ ಇರಲಿಲ್ಲ. ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಎಂಬ ಪಾಡು ಗಡಿನಾಡಿನವರಿಗೆ ಹೇಳಿಕೊಡಬೇಕಾದದ್ದಲ್ಲ. 1891ರ ಜನಗಣತಿಯಲ್ಲಿ ಸ್ಕಾಟ್‌ಲೆಂಡಿನಲ್ಲಿ ಗೇಲಿಕ್ ಬಲ್ಲವರು ಸುಮಾರು ಎರಡೂವರೆ ಲಕ್ಷ. 2011ರ ಹೊತ್ತಿಗೆ ಆ ಸಂಖ್ಯೆ 58 ಸಾವಿರದ ಒಳಗೆ ಇಳಿದಿತ್ತು. 2022ರ ಗಣತಿಯಲ್ಲಿ ಮತ್ತೆ ಸ್ವಲ್ಪ ಏರಿ 70 ಸಾವಿರದ ಹತ್ತಿರ ಬಂದಿದೆ.

ತಂದೆಯ ಪಾಠದ ನಂತರ ಜಾನ್ ಹೋದದ್ದು ಅದೇ ಸೀಮೆಯ ಕ್ಯಾಟ್‌ಲಾಜ್‌ನಲ್ಲಿದ್ದ ಮಾಲ್ಕಮ್ ಮ್ಯಾಕ್‌ಫರ್ಸನ್ ಅವರ ಬಳಿಗೆ. ಊರವರು ಅವರನ್ನು ಕಾಲಂ ಪೀಬರ್ ಎಂದು ಕರೆಯುತ್ತಿದ್ದರು. ಪೈಪ್ ನುಡಿಸುವ ಕಾಲಂ ಎಂದರ್ಥ. ಸ್ಕೈ ದ್ವೀಪದ ಪರಂಪರೆಯ ಎಳೆ ಹಿಡಿದಿದ್ದ ಮನೆತನ ಅವರದು. ದೊಡ್ಡ ಸಂಗೀತದಲ್ಲಿ ತಾನು ಕಲಿತದ್ದರ ಬಹುಪಾಲು ಅವರಿಂದಲೇ ಬಂದದ್ದು ಎಂದು ಜಾನ್ ಮುಂದೆ ಹೇಳಿಕೊಂಡರು.

ಆ ಪಾಠದ ದಿನಗಳ ನೆನಪನ್ನು ಜಾನ್ ಬರೆದಿಟ್ಟಿದ್ದಾರೆ. ಬೆಳಗಿನ ತಿಂಡಿ ಸಿದ್ಧವಾಗುವ ತನಕ ಗುರು ಒಲೆಯ ಹತ್ತಿರ ಕುಳಿತು ಅಭ್ಯಾಸದ ಚಿಕ್ಕ ನಳಿಗೆಯಲ್ಲಿ ಕುಣಿತದ ಮಟ್ಟುಗಳನ್ನು ನುಡಿಸುತ್ತಿದ್ದರು. ತಿಂಡಿಯಾದ ಮೇಲೆ ತಳ್ಳುಗಾಡಿ ತೆಗೆದುಕೊಂಡು ಜವುಗು ನೆಲಕ್ಕೆ ಹೋಗಿ ಪೀಟ್ ಎಂಬ ಉರುವಲು ಮಣ್ಣನ್ನು ಕಡಿದು ತರುತ್ತಿದ್ದರು. ದಿನವಿಡೀ ಬೆಂಕಿ ಆರದಂತೆ ಹಸಿ ಪೀಟ್ ಒಟ್ಟುತ್ತಿದ್ದರು. ಆಮೇಲೆ ಶಿಷ್ಯನ ಪಕ್ಕ ಬಂದು ಕೂರುತ್ತಿದ್ದರು. ಮೊದಲ ಕೆಲಸವೆಂದರೆ ಅಲ್ಲಿದ್ದ ಸಂಗೀತದ ಪುಸ್ತಕಗಳನ್ನೆಲ್ಲ ಎತ್ತಿ ದೂರ ಇಡುವುದು. ನಂತರ ಕಲಿಸಬೇಕಾದ ರಚನೆಯ ಮೂಲಧಾಟಿಯನ್ನೂ ಒಂದೊಂದೇ ಬದಲಾವಣೆಯನ್ನೂ ಬಾಯಿಂದ ಹಾಡುತ್ತಿದ್ದರು.

ಹಾಗೆ ಹಾಡಲು ಒಂದು ಪದ್ಧತಿಯಿದೆ. ಅದರ ಹೆಸರು ಕಾಂಟೆರಾಕ್. ಮೃದಂಗದವರು ತಕಧಿಮಿ ಎಂದು, ಯಕ್ಷಗಾನದವರು ಬಾಯಿತಾಳ ಎಂದು ಹೇಳಿಕೊಂಡಂತೆ ಪೈಪ್ ವಾದಕರು ಹಿಹಾರಿನ್, ಹೊದ್ರೊ ಎಂಬಂಥ ಅರ್ಥವಿಲ್ಲದ ಅಕ್ಷರಗಳನ್ನು ಹಾಡುತ್ತಾರೆ. ಅಕ್ಷರದ ಸ್ವರಭಾಗ ರಾಗದ ಸ್ವರವನ್ನು ಹೇಳುತ್ತದೆ, ವ್ಯಂಜನಭಾಗ ಬೆರಳು ಸೋಕಿಸಬೇಕಾದ ಚಿಟಿಕೆ ಸ್ವರಗಳನ್ನು ಹೇಳುತ್ತದೆ. ಹಾಡುವಾಗ ಗಂಟಲು ಎಲ್ಲಿ ಎಳೆಯುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದು ಶಿಷ್ಯನ ಕಿವಿಗೆ ನೇರವಾಗಿ ಇಳಿಯುತ್ತದೆ. ಕಾಗದಕ್ಕೆ ಸಿಕ್ಕದ ಕೂದಲೆಳೆ ಇಲ್ಲಿ ಸಿಗುತ್ತದೆ.

ಕಾಲಂ ಪೀಬರ್ 1898ರಲ್ಲಿ ತೀರಿಕೊಂಡರು. ಜಾನ್ ಅವರೊಬ್ಬರಿಗೇ ಕಟ್ಟುಬೀಳಲಿಲ್ಲ. ಮತ್ತೊಂದು ಹೆಸರಾಂತ ವಾದಕ ಮನೆತನದ ಅಣ್ಣತಮ್ಮಂದಿರಾದ ಕಾಲಿನ್ ಕ್ಯಾಮರನ್ ಮತ್ತು ಸ್ಯಾಂಡಿ ಕ್ಯಾಮರನ್ ಅವರಿಂದಲೂ ಕಲಿತರು. ಒಂದೇ ರಚನೆಯನ್ನು ಎರಡು ಮನೆಯವರು ಎರಡು ರೀತಿ ನುಡಿಸುವುದನ್ನು ಕಣ್ಣಾರೆ ಕಂಡರು. ಎರಡೂ ಸರಿ ಇರಬಹುದು ಎಂಬ ಅರಿವು ಅವರಿಗೆ ಬಂದದ್ದು ಹೀಗೆ.

ಪದಕಗಳ ಸಾಲು

ಪಿಬ್ರಾಕ್ ವಾದಕರಿಗೆ ಎರಡು ಸ್ಪರ್ಧೆಗಳು ಎಲ್ಲಕ್ಕಿಂತ ದೊಡ್ಡವು. ಒಂದು ಪಶ್ಚಿಮ ಕರಾವಳಿಯ ಓಬನ್ ಪಟ್ಟಣದ್ದು, ಇನ್ನೊಂದು ಇನ್ವರ್ನೆಸ್ ಪಟ್ಟಣದ್ದು. ಎರಡರಲ್ಲೂ ಚಿನ್ನದ ಪದಕವಿದೆ. ಮ್ಯಾಕ್‌ಡೊನಾಲ್ಡ್ ಮೂವತ್ತು ತುಂಬುವ ಮೊದಲೇ ಎರಡನ್ನೂ ಗೆದ್ದರು. ಪದಕ ಗೆದ್ದವರಿಗಾಗಿಯೇ ಇನ್ವರ್ನೆಸ್‌ನಲ್ಲಿ ಕ್ಲಾಸ್ಪ್ ಎಂಬ ಮೇಲಿನ ಸ್ಪರ್ಧೆ ಇದೆ. ಅದನ್ನೂ ಅವರು ಮತ್ತೆ ಮತ್ತೆ ಗೆದ್ದರು. ಸಾರ್ವಜನಿಕ ಸೇವೆಗೆ ಕೊಡುವ ಎಂಬಿಇ ಗೌರವವೂ ಅವರಿಗೆ ಸಂದಿತು. ಅವರ ವಾದನ ಗ್ರಾಮಫೋನ್ ತಟ್ಟೆಗಳಲ್ಲೂ ದಾಖಲಾಗಿದೆ.

ಇಷ್ಟಾದರೂ ಅವರ ಮನಸ್ಸು ಇದ್ದದ್ದು ಕಲಿಸುವುದರಲ್ಲಿ. ಪದಕ ಗೆದ್ದವನು ತನ್ನೊಂದಿಗೆ ಪದಕವನ್ನು ಒಯ್ಯುತ್ತಾನೆ, ಕಲಿಸಿದವನು ಮಾತ್ರ ಸಂಗೀತವನ್ನು ಇಲ್ಲೇ ಬಿಟ್ಟುಹೋಗುತ್ತಾನೆ. ಹಳೆಯ ಗುರುಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದ ಆ ಕಾಲದಲ್ಲಿ ಅವರ ಪಾಠ ನೇರವಾಗಿ ಪಡೆದವರ ಸಂಖ್ಯೆ ಬೆರಳೆಣಿಕೆಗೆ ಇಳಿಯುತ್ತಿತ್ತು.

ಸಂಘ ಬಂತು, ಪುಸ್ತಕ ಬಂತು

1903ರಲ್ಲಿ ಪಿಬ್ರಾಕ್ ಸೊಸೈಟಿ ಎಂಬ ಸಂಘ ಹುಟ್ಟಿತು. ಅದರ ಮುಂದಾಳುಗಳಲ್ಲಿ ಹೆಚ್ಚಿನವರು ಜಮೀನ್ದಾರರು, ಸೇನಾಧಿಕಾರಿಗಳು, ಕಾನೂನು ಬಲ್ಲವರು. ಉದ್ದೇಶ ಒಳ್ಳೆಯದೇ ಆಗಿತ್ತು. ಹಸ್ತಪ್ರತಿಗಳಲ್ಲಿ, ಮುದುಕರ ನೆನಪಿನಲ್ಲಿ ಉಳಿದಿದ್ದ ರಚನೆಗಳನ್ನು ಅಚ್ಚು ಹಾಕಿಸಿ ಎಲ್ಲರಿಗೂ ಸಿಗುವಂತೆ ಮಾಡುವುದು, ಕಲಿಸಲು ತರಗತಿ ನಡೆಸುವುದು ಅವರ ಕಾರ್ಯಕ್ರಮ.

ಈ ಪುಸ್ತಕಗಳ ಕಥೆಯಲ್ಲಿ ಭಾರತದ ನಂಟೂ ಇದೆ. ಸಂಘಕ್ಕೆ ಮೊದಲೇ, 1900ರಲ್ಲಿ, ಕ್ಯೋಲ್ ಮೋರ್ ಎಂಬ ದೊಡ್ಡ ಸಂಗ್ರಹವನ್ನು ಹೊರತಂದ ಮೇಜರ್ ಜನರಲ್ ಥಾಮಸನ್ ಅವರು ಬಂಗಾಳ ಎಂಜಿನಿಯರ್ ದಳದಲ್ಲಿದ್ದ ಅಧಿಕಾರಿ. ಮುಂದೆ ಸಂಘದ ಪುಸ್ತಕಗಳ ಸಂಪಾದಕರಾಗಿ ದಶಕಗಳ ಕಾಲ ದುಡಿದ ಕಿಲ್‌ಬೆರಿಯ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಅವರು ಭಾರತದ ಐಸಿಎಸ್ ಸೇವೆಗೆ ಸೇರಿ ಲಾಹೋರ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಪಂಜಾಬಿನಲ್ಲಿ ಕಚೇರಿ ಕೆಲಸ ಮಾಡಿ, ರಜೆಗೆ ಊರಿಗೆ ಹೋದಾಗ ಹಳೆಯ ಗುರುಗಳ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಆ ಗುರುಗಳಲ್ಲಿ ಜಾನ್ ಮ್ಯಾಕ್‌ಡೊನಾಲ್ಡ್ ಕೂಡ ಒಬ್ಬರು.

ಸಂಘದ ಮೊದಲ ಸರಣಿಯ ಪುಸ್ತಕಗಳು 1905ರಿಂದ ಬಂದವು. ಅವುಗಳಲ್ಲಿ ತಪ್ಪುಗಳಿವೆ ಎಂದು ವಾದಕರು ಆಕ್ಷೇಪ ಎತ್ತಿದರು. ಓಬನ್ ಟೈಮ್ಸ್ ಪತ್ರಿಕೆಯಲ್ಲಿ ಪೈಪ್ ಸಂಗೀತದ ಬಗ್ಗೆ ವರ್ಷಗಟ್ಟಲೆ ಪತ್ರಗಳ ಜಟಾಪಟಿ ನಡೆಯಿತು. 1925ರಿಂದ ಎರಡನೇ ಸರಣಿ ಆರಂಭವಾಯಿತು. ಇವಲ್ಲದೆ ಕ್ಯಾಂಪ್‌ಬೆಲ್ ಅವರ ಕಿಲ್‌ಬೆರಿ ಪುಸ್ತಕ 1948ರಲ್ಲಿ ಹೊರಬಂತು.

ಪುಸ್ತಕ ಬಂದದ್ದರಲ್ಲಿ ಕಷ್ಟವೇನು ಎಂದು ಕೇಳಬಹುದು. ಕಷ್ಟ ಇದ್ದದ್ದು ಸ್ಪರ್ಧೆಯ ನಿಯಮದಲ್ಲಿ. ದೊಡ್ಡ ಸ್ಪರ್ಧೆಗಳಲ್ಲಿ ಯಾವ ರಚನೆ ನುಡಿಸಬೇಕೆಂಬ ಪಟ್ಟಿಯನ್ನು ಸಂಘ ಪ್ರತಿವರ್ಷ ಕೊಡುತ್ತಿತ್ತು. ಆ ರಚನೆಗಳು ಸಂಘದ ಪುಸ್ತಕದಲ್ಲಿ ಅಚ್ಚಾದಂತೆ ಇರಬೇಕು ಎಂಬ ನಿರೀಕ್ಷೆ ಬೆಳೆಯಿತು. ಬೇರೆ ಮನೆಯ ಪಾಠ ನುಡಿಸಿದವನು ಎಷ್ಟೇ ಚೆನ್ನಾಗಿ ನುಡಿಸಿದರೂ ಪದಕದ ಆಸೆ ಬಿಡಬೇಕಿತ್ತು. ಪಟ್ಟಿಯಲ್ಲಿಲ್ಲದ ರಚನೆಗಳನ್ನು ಕಲಿಯುವವರೇ ಕಡಿಮೆಯಾದರು.

ಕೆಲಸ ಕೊಟ್ಟವರಿಗೇ ಹೇಳಿದ ಮಾತು

ಮ್ಯಾಕ್‌ಡೊನಾಲ್ಡ್ ಸಿಕ್ಕಿಬಿದ್ದದ್ದು ಇಲ್ಲೇ. ಅವರು ಸಂಘದ ನೇಮಕದ ಅಧ್ಯಾಪಕರು. ಸಂಘದ ತರಗತಿಗಳಿಂದಲೇ ಅವರ ಪಾಠ ದೂರದ ಊರುಗಳಿಗೆ ಹೋಯಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಸಂಘ ಅವರನ್ನು ಪಶ್ಚಿಮ ಸಮುದ್ರದ ಸೌತ್ ಉಯಿಸ್ಟ್ ದ್ವೀಪಕ್ಕೆ ಕಲಿಸಲು ಕಳಿಸಿತು. ಗೇಲಿಕ್ ಮನೆಮಾತಾಗಿದ್ದ ಆ ದ್ವೀಪದಲ್ಲಿ ಅವರು ಬಿತ್ತಿದ ಬೀಜ ಚೆನ್ನಾಗಿ ಬೇರುಬಿಟ್ಟಿತು. ಪೈಪ್ ಸಂಗೀತಕ್ಕೆ ಆ ದ್ವೀಪ ಇಂದಿಗೂ ಹೆಸರುವಾಸಿ.

ಹೀಗಿದ್ದರೂ ಸಂಘದ ಪುಸ್ತಕದ ಪಾಠಗಳು ತಾವು ಗುರುಗಳಿಂದ ಕೇಳಿದ್ದಕ್ಕೆ ಹೊಂದುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಿಸರ್ಗ ಲೇಖಕರೂ ಪೈಪ್ ಸ್ಪರ್ಧೆಗಳ ತೀರ್ಪುಗಾರರೂ ಆಗಿದ್ದ ಗೆಳೆಯ ಸೀಟನ್ ಗಾರ್ಡನ್ ಅವರಿಗೆ ಬರೆದ ಪತ್ರಗಳಲ್ಲಿ ಈ ಅಸಮಾಧಾನವನ್ನು ತೋಡಿಕೊಂಡರು. ಹಳೆಯ ಸಂಗೀತದ ಜೀವ ಹೋಗುತ್ತಿದೆ ಎಂಬ ಕೊರಗು ವಯಸ್ಸಾದಂತೆ ಹೆಚ್ಚಿತು.

ಅವರ ಆಕ್ಷೇಪದ ತಿರುಳು ಸುಲಭವಾಗಿ ತಿಳಿಯುವಂಥದ್ದು. ಹಲವು ರಚನೆಗಳಲ್ಲಿ ಸಾಲಿನ ಮೊದಲಿಗೆ ವಾದಕ ಒಂದು ಮೇಲಿನ ಸ್ವರವನ್ನು ಎಳೆದು ಹಿಡಿದು ಆಮೇಲೆ ಕೆಳಗಿಳಿಯುತ್ತಾನೆ. ಎಷ್ಟು ಎಳೆಯಬೇಕು ಎಂಬುದು ಆ ಸಾಲಿನ ಭಾವಕ್ಕೆ, ಮುಂದಿನ ಸಾಲಿನ ನಡೆಗೆ ಸೇರಿದ ಮಾತು. ಅಚ್ಚಿನಲ್ಲಿ ಅದಕ್ಕೊಂದು ಗೊತ್ತಾದ ಅಳತೆ ಕೊಡಲೇಬೇಕಾಗುತ್ತದೆ. ಒಮ್ಮೆ ಅಳತೆ ಕೊಟ್ಟರೆ ಮುಂದಿನ ಪೀಳಿಗೆ ಅಷ್ಟೇ ಸರಿ ಎಂದು ನಂಬುತ್ತದೆ. ಗುರುವಿನ ಬಾಯಲ್ಲಿ ಹರಿಯುತ್ತಿದ್ದ ನೀರು ಪುಸ್ತಕದಲ್ಲಿ ಹೆಪ್ಪುಗಟ್ಟುತ್ತದೆ.

ಸಂಘದವರ ವಾದದಲ್ಲೂ ಹುರುಳಿತ್ತು ಎಂಬುದನ್ನು ಮರೆಯಬಾರದು. ಹಾಡಿ ಕಲಿಸುವ ಗುರು ಊರಿಗೊಬ್ಬರು ಇದ್ದ ಕಾಲ ಮುಗಿದಿತ್ತು. ಪುಸ್ತಕವಿಲ್ಲದಿದ್ದರೆ ಎಷ್ಟೋ ರಚನೆಗಳು ಮುದುಕರ ಜೊತೆಗೇ ಮಣ್ಣುಪಾಲಾಗುತ್ತಿದ್ದವು. ಹತ್ತು ಜನ ಹತ್ತು ರೀತಿ ನುಡಿಸಿದರೆ ತೀರ್ಪು ಕೊಡುವುದು ಹೇಗೆ ಎಂಬ ಪ್ರಶ್ನೆಯೂ ಇತ್ತು. ಮ್ಯಾಕ್‌ಡೊನಾಲ್ಡ್ ಪುಸ್ತಕದ ಶತ್ರುವಾಗಿರಲಿಲ್ಲ. ಅಂಗಸ್ ಮ್ಯಾಕೆ ಎಂಬ ದೊಡ್ಡ ವಾದಕರು 1838ರಲ್ಲಿ ಹೊರತಂದ 61 ರಚನೆಗಳ ಸಂಗ್ರಹ ಅವರ ಗುರುಗಳ ಕಾಲಕ್ಕೇ ಬಳಕೆಯಲ್ಲಿತ್ತು. ಮೊದಲು ಕೇಳಿ ಕಲಿತವನಿಗೆ ಪುಸ್ತಕ ನೆನಪಿನ ಊರುಗೋಲು, ಕೇಳದವನಿಗೆ ಅದು ಕುರುಡು ದಾರಿ. ಅವರ ಪಾಠದ ಕ್ರಮದಲ್ಲಿ ಇದೇ ಎದ್ದುಕಾಣುತ್ತಿತ್ತು.

ಯುದ್ಧ ಕೊಂಡೊಯ್ದವರು

ಈ ಜಗಳದ ನಡುವೆಯೇ 1914ರಲ್ಲಿ ಮೊದಲ ಮಹಾಯುದ್ಧ ಬಂತು. ಸ್ಕಾಟಿಷ್ ಪಡೆಗಳಲ್ಲಿ ಕಂದಕದಿಂದ ಮೇಲೆದ್ದು ಮುನ್ನುಗ್ಗುವಾಗ ಪೈಪ್ ನುಡಿಸುತ್ತಾ ಮುಂದೆ ನಡೆಯುವ ವಾಡಿಕೆ ಇತ್ತು. ಕೈಯಲ್ಲಿ ಬಂದೂಕಿಲ್ಲದೆ, ಎಲ್ಲರಿಗೂ ಕಾಣುವಂತೆ ನಡೆಯುವ ಪೈಪ್ ವಾದಕ ಶತ್ರುವಿಗೆ ಸುಲಭದ ಗುರಿ. 1918ರ ಹೊತ್ತಿಗೆ ನೂರಾರು ಪೈಪ್ ವಾದಕರು ಸತ್ತಿದ್ದರು, ಇನ್ನೂ ನೂರಾರು ಮಂದಿ ಗಾಯಗೊಂಡಿದ್ದರು.

ಇದು ಬರೀ ಪ್ರಾಣಹಾನಿಯಾಗಿರಲಿಲ್ಲ. ಬಾಯಿಂದ ಕಿವಿಗೆ ದಾಟುವ ವಿದ್ಯೆಯಲ್ಲಿ ಒಂದು ತಲೆಮಾರು ಹೋದರೆ ಸರಪಳಿಯ ಕೊಂಡಿಯೇ ಕಳಚುತ್ತದೆ. ಯುದ್ಧ ಮುಗಿದಾಗ ಮ್ಯಾಕ್‌ಡೊನಾಲ್ಡ್ ಐವತ್ತು ದಾಟಿದ್ದರು. ಹಳೆಯ ಪಾಠವನ್ನು ಪೂರ್ತಿಯಾಗಿ ಒಪ್ಪಿಸಲು ತಕ್ಕ ಶಿಷ್ಯರು ಸಿಗದಿದ್ದರೆ ಕ್ಯಾಟ್‌ಲಾಜ್‌ನ ಒಲೆಯ ಬಳಿ ಕೇಳಿದ್ದೆಲ್ಲ ತಮ್ಮೊಂದಿಗೇ ಮುಗಿಯುವ ಹಾಗಿತ್ತು.

ಬಾಲ್ಮೋರಲ್‌ನ ಇಬ್ಬರು ಶಿಷ್ಯರು

ಆ ಶಿಷ್ಯರು ಸಿಕ್ಕಿದ್ದು ಅರಮನೆಯ ಕಡೆಯಿಂದ. ಡೀ ನದಿಯ ದಂಡೆಯಲ್ಲಿರುವ ಬಾಲ್ಮೋರಲ್ ಬ್ರಿಟಿಷ್ ರಾಜಮನೆತನದ ಬೇಸಿಗೆಯ ಅರಮನೆ. ಅಲ್ಲಿನ ಎಸ್ಟೇಟಿನಲ್ಲಿ ಬೇಟೆಯ ಕಾವಲು, ಮೀನುಗಾರಿಕೆಯ ಮೇಲ್ವಿಚಾರಣೆಯಂಥ ಕೆಲಸ ಮಾಡುತ್ತಿದ್ದ ಇಬ್ಬರು ಯುವಕರು ಪೈಪ್ ವಾದಕರೂ ಆಗಿದ್ದರು. ಒಬ್ಬರು 1906ರಲ್ಲಿ ಹುಟ್ಟಿದ ರಾಬರ್ಟ್ ಬ್ರೌನ್, ಇನ್ನೊಬ್ಬರು 1905ರಲ್ಲಿ ಹುಟ್ಟಿದ ರಾಬರ್ಟ್ ನಿಕೋಲ್. ಇಬ್ಬರ ಹೆಸರೂ ರಾಬರ್ಟ್ ಆದ್ದರಿಂದ ಪೈಪ್ ಲೋಕ ಅವರನ್ನು ಬಾಲ್ಮೋರಲ್‌ನ ಬಾಬ್‌ಗಳು ಎಂದು ಕರೆಯಿತು.

ದೊರೆ ಐದನೇ ಜಾರ್ಜ್ ಅವರ ಕಾಲದಲ್ಲಿ ಈ ಇಬ್ಬರನ್ನೂ ಚಳಿಗಾಲದಲ್ಲಿ ಇನ್ವರ್ನೆಸ್‌ಗೆ ಕಳಿಸಿ ಮ್ಯಾಕ್‌ಡೊನಾಲ್ಡ್ ಬಳಿ ಪಾಠ ಹೇಳಿಸುವ ಏರ್ಪಾಡಾಯಿತು. ವರ್ಷ ವರ್ಷವೂ ಅವರು ಹೋದರು. ಕಾಲಂ ಪೀಬರ್ ಮಾಡಿದ್ದನ್ನೇ ಮ್ಯಾಕ್‌ಡೊನಾಲ್ಡ್ ಮಾಡಿದರು. ಹಾಡಿದರು, ಹಾಡಿಸಿದರು, ಆಮೇಲೆ ನುಡಿಸಲು ಬಿಟ್ಟರು.

ಸ್ಪರ್ಧೆಯ ಕಷ್ಟ ಇಲ್ಲೂ ತಪ್ಪಲಿಲ್ಲ. ಪದಕ ಬೇಕಾದವರು ಸಂಘದ ಪಾಠ ನುಡಿಸಬೇಕು, ಪರಂಪರೆ ಉಳಿಯಬೇಕಾದರೆ ಗುರುವಿನ ಪಾಠ ಮರೆಯಬಾರದು. ಆ ಕಾಲದ ಶಿಷ್ಯರು ಒಂದೇ ರಚನೆಯ ಎರಡು ರೂಪವನ್ನು ತಲೆಯಲ್ಲಿ ಹೊತ್ತರು. ವೇದಿಕೆಗೆ ಒಂದು, ಮನೆಗೆ ಒಂದು. ಬ್ರೌನ್ ಮತ್ತು ನಿಕೋಲ್ ಇಬ್ಬರೂ ದೊಡ್ಡ ಪದಕಗಳನ್ನು ಗೆದ್ದರು, ಗುರುವಿನ ಹಾಡನ್ನೂ ಕಾಪಾಡಿಕೊಂಡರು.

ಕೊನೆಯ ದಿನಗಳು, ಆಮೇಲಿನ ಫಲ

1953ರಲ್ಲಿ ಜಾನ್ ಮ್ಯಾಕ್‌ಡೊನಾಲ್ಡ್ ತೀರಿಕೊಂಡರು. ಆಗ ಅವರಿಗೆ ಸುಮಾರು 88 ವರ್ಷ. ಸಂಘದ ಪುಸ್ತಕಗಳೇ ಆಗ ಎಲ್ಲೆಡೆ ಪ್ರಮಾಣವಾಗಿದ್ದವು. ಅವರ ದೂರುಗಳು ಒಬ್ಬ ಮುದುಕನ ಗೊಣಗಾಟದಂತೆ ಕೆಲವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಶಿಷ್ಯರು ಸುಮ್ಮನಿರಲಿಲ್ಲ. ಬ್ರೌನ್ 1972ರವರೆಗೆ, ನಿಕೋಲ್ 1978ರವರೆಗೆ ಬದುಕಿದರು. ಸ್ಕಾಟ್‌ಲೆಂಡಿನವರಷ್ಟೇ ಅಲ್ಲ, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಕಡೆಯ ಕಲಿಯುವವರೂ ಡೀ ನದಿಯ ದಂಡೆಗೆ ಬಂದರು. ಈ ಗುರುಗಳು ಹಾಡುತ್ತಾ ಕಲಿಸಿದ ಪಾಠಗಳು ಟೇಪಿನಲ್ಲಿ ದಾಖಲಾದವು. ಅವುಗಳಿಂದ ಆಯ್ದ ಭಾಗಗಳು ಮುಂದೆ ಸಿ.ಡಿ. ಸರಣಿಯಾಗಿ ಹೊರಬಂದವು. ಅಚ್ಚಿಗೆ ಸಿಗದೇ ಹೋದ ಗಂಟಲಿನ ಎಳೆತ ಟೇಪಿಗೆ ಸಿಕ್ಕಿತು. ಇಂದು ಯಾರು ಬೇಕಾದರೂ ಆ ಹಾಡಿಕೆಯನ್ನು ಕೇಳಬಹುದು.

ಇನ್ನೊಂದು ಸ್ವಾರಸ್ಯದ ಸಂಗತಿಯೂ ಇದೆ. ನ್ಯಾಯಾಧೀಶ ಕ್ಯಾಂಪ್‌ಬೆಲ್ ತಮ್ಮ ಪುಸ್ತಕದಲ್ಲಿ ಒಂದೇ ಪಾಠ ಅಚ್ಚು ಹಾಕಿಸಿದರೂ ಗುರುಗಳ ಬಳಿ ಕಲಿಯುವಾಗ ಬರೆದುಕೊಂಡ ಟಿಪ್ಪಣಿಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವರು 1963ರಲ್ಲಿ ತೀರಿಕೊಂಡ ಬಹಳ ವರ್ಷಗಳ ಮೇಲೆ, 1984ರಲ್ಲಿ, ಆ ಟಿಪ್ಪಣಿಗಳು ಪುಸ್ತಕವಾಗಿ ಪ್ರಕಟವಾದವು. ಗುರುಗಳು ಒಂದೊಂದು ರಚನೆಯನ್ನು ಹೇಗೆ ನುಡಿಸುತ್ತಿದ್ದರು, ಅಚ್ಚಾದ ಪಾಠಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ ಎಂಬುದು ಅದರಿಂದ ಹೊರಗೆ ಬಂತು.

2000ದಲ್ಲಿ ವಿದ್ವಾಂಸ ವಿಲಿಯಂ ಡೊನಾಲ್ಡ್‌ಸನ್ ಅವರ ಅಧ್ಯಯನ ಗ್ರಂಥ ಪ್ರಕಟವಾಯಿತು. ವಾದಕರ ಪರಂಪರೆಗೂ ಸಂಘದ ಪುಸ್ತಕಕ್ಕೂ ನಡೆದ ತಿಕ್ಕಾಟವನ್ನು ಅವರು ದಾಖಲೆಗಳ ಸಮೇತ ಬಿಡಿಸಿಟ್ಟರು. ಮ್ಯಾಕ್‌ಡೊನಾಲ್ಡ್ ಅವರ ಅಸಮಾಧಾನ ಗೊಣಗಾಟವಲ್ಲ, ಕಾರಣವುಳ್ಳದ್ದು ಎಂದು ಹೊಸ ಪೀಳಿಗೆಗೆ ಮನವರಿಕೆಯಾಯಿತು. ಈಗ ಅದೇ ಪಿಬ್ರಾಕ್ ಸೊಸೈಟಿ ಹಳೆಯ ಹಸ್ತಪ್ರತಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಬೇರೆ ಬೇರೆ ಮನೆಗಳ ಪಾಠಗಳನ್ನು ಹುಡುಕಿ ನುಡಿಸುವವರು ಹೆಚ್ಚಿದ್ದಾರೆ.

ಜಗಳದಲ್ಲಿ ಕೊನೆಗೆ ಗೆದ್ದವರು ಯಾರು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಪುಸ್ತಕ ಇಲ್ಲದಿದ್ದರೆ ಹಲವು ರಚನೆಗಳ ಹೆಸರೂ ಉಳಿಯುತ್ತಿರಲಿಲ್ಲ. ಹಾಡುವವರು ಇಲ್ಲದಿದ್ದರೆ ಉಳಿದ ರಚನೆಗಳಿಗೆ ಉಸಿರು ಇರುತ್ತಿರಲಿಲ್ಲ. ಎರಡರಲ್ಲಿ ಯಾವುದು ಮೊದಲು ಬರಬೇಕು ಎಂಬ ಬಗ್ಗೆ ಮಾತ್ರ ಮ್ಯಾಕ್‌ಡೊನಾಲ್ಡ್ ಅವರಿಗೆ ಕೊನೆಯವರೆಗೂ ಸಂಶಯ ಇರಲಿಲ್ಲ. ಬರೆದಿಟ್ಟರೆ ಸಾಕು, ನುಡಿ ಉಳಿಯುತ್ತದೆ, ಹಾಡು ಉಳಿಯುತ್ತದೆ ಎಂದು ನಂಬಿ ಸುಮ್ಮನಾಗುವ ಊರುಗಳಿಗೆಲ್ಲ ಅವರ ಬದುಕು ಒಂದು ಎಚ್ಚರಿಕೆ. ಮನೆಯ ಹಿರಿಯರು ಹಾಡಬೇಕು, ಎಳೆಯರು ಕೂತು ಕೇಳಬೇಕು. ಪುಸ್ತಕ ಆಮೇಲೆ ಬರಲಿ.